ಎಂಟನೇ ಹೋಳು

ಜನವರಿ ೧೧

ತಂಗೀ,

ಏನೇ, ಇದ್ದೀಯೋ ಸತ್ತೆಯೋ? ಇದ್ದರೆ ಮೊದಲು ಕೂತುಕೋ. ಕಾಗದವನ್ನು ನಿಂತುಕೊಂಡೇ ಓದಿ, ಅರ್ಧಕ್ಕೆ ಮಡಿಸಿ, ಎಲ್ಲಿಟ್ಟೆನೆಂದು ಮರೆಯುವ ಚಾಳಿ ನಿನ್ನದು. ಕನ್ನಡಕ ಹುಡುಕಬೇಡ, ತಲೆಯ ಮೇಲೆಯೇ ಇರುತ್ತದೆ. ಇಷ್ಟು ವರ್ಷದಲ್ಲಿ ಒಂದು ಸಾಲು ಗೀಚಿ ಹಾಕಲು ಕೈಗೇನು ಲಕ್ವ ಹೊಡೆದಿತ್ತೇ? ನೀನೇಕೆ ಬರೆಯಲಿಲ್ಲ ಎಂದು ತಿರುಗಿ ಕೇಳಬೇಡ. ಬರೆಯಬೇಕಾದವರು ಹೋದವರು, ಇದ್ದವರಲ್ಲ. ಇದ್ದವರ ವಿಳಾಸ ಬದಲಾಗುವುದಿಲ್ಲ.

ಪ್ರೀತಿ ಉಕ್ಕಿ ಬರೆಯುತ್ತಿದ್ದೇನೆ ಎಂದುಕೊಂಡು ಮೂಗು ಒರೆಸಿಕೊಳ್ಳಲೂ ಬೇಡ. ಕೆಲಸ ಬಿದ್ದಿದೆ, ಅದಕ್ಕೆ.

ನನ್ನ ಮೊಮ್ಮಗಳು, ನೀನು ಕಣ್ಣಲ್ಲಿ ನೋಡದವಳು, ಈಗ ತಾರಾಲಯದಲ್ಲಿ ಕೆಲಸಕ್ಕಿದ್ದಾಳೆ. ದೊಡ್ಡ ಗುಮ್ಮಟದೊಳಗೆ ಜನರನ್ನು ಕೂರಿಸಿ, ಕತ್ತಲು ಮಾಡಿ, ಸುಳ್ಳು ನಕ್ಷತ್ರ ತೋರಿಸಿ ನಿಜ ಹೇಳುವ ಕೆಲಸ. ನಿನ್ನ ವಿಳಾಸ ಪತ್ತೆ ಮಾಡಿದ್ದೂ ಅವಳೇ. ಆಗಸ್ಟ್ ಮೊದಲಿಗೆ ಅಲ್ಲಿ ಮಕ್ಕಳಿಗೆಂದು ಒಂದು ಹೊಸ ಕೋಣೆ ತೆರೆಯುತ್ತಾರಂತೆ. ಅದರ ಬಾಗಿಲಿನ ಎರಡು ಬದಿಗೆ ಎರಡು ದೊಡ್ಡ ಕಪ್ಪು ಕೊಡೆ ತೂಗುಹಾಕಬೇಕಂತೆ. ಕೊಡೆಯ ಒಳಮೈಗೆ ಬಿಳಿ ದಾರದಲ್ಲಿ ನಕ್ಷತ್ರ ಹೊಲಿದಿರಬೇಕು. ಮಗು ಕೆಳಗೆ ನಿಂತು ಹಿಡಿ ತಿರುಗಿಸಿದರೆ ಆಕಾಶವೇ ತಿರುಗಬೇಕು. ಒಂದು ಕೊಡೆಯಲ್ಲಿ ನಮ್ಮ ಆಕಾಶ. ಇನ್ನೊಂದರಲ್ಲಿ ಭೂಮಿಯ ತಳಭಾಗದವರ ಆಕಾಶ, ಎಂದರೆ ನಿನ್ನದು.

"ಕೊಡೆ ಅಂಗಡಿ ಮನೇಲೇ ಇರುವಾಗ ಹೊರಗೆ ಯಾಕೆ ಕೊಡಲಿ ಅಜ್ಜಿ?" ಅಂದಳು.

"ಕೊಡೆ ಇರೋದು ಆಕಾಶ ಮರೆ ಮಾಡೋಕೆ ಕಣೇ. ಅದರೊಳಗೇ ಆಕಾಶ ಹೊಲಿಯೋ ಹುಚ್ಚು ಯಾವ ಕಾಲೇಜಲ್ಲಿ ಕಲಿಸಿದರು?" ಅಂದೆ. ಅಂದರೂ ಒಪ್ಪಿಕೊಂಡೆ. ಬೈದು ಒಪ್ಪಿಕೊಳ್ಳುವುದು ನನ್ನ ಪದ್ಧತಿ, ನಿನಗೆ ಗೊತ್ತಿದ್ದದ್ದೇ.

ನಮ್ಮ ಕಡೆಯ ಆಕಾಶ ನಾನು ಕಂಡದ್ದು. ನಿನ್ನ ಕಡೆಯದಕ್ಕೂ ಅಚ್ಚಾದ ನಕ್ಷೆ ತಂದುಕೊಟ್ಟಿದ್ದಾಳೆ. ಆದರೆ ಅಮ್ಮ ಹೇಳುತ್ತಿದ್ದುದು ನೆನಪಿದೆಯಲ್ಲ? ಬೆಳಕಿಗೆ ಹಿಡಿದು ನೋಡದ ಬಟ್ಟೆಗೆ ಸೂಜಿ ಹಾಕಬೇಡ. ನೋಡದ ಆಕಾಶಕ್ಕೂ ಅದೇ ಮಾತು. ಅಲ್ಲಿದ್ದು ನೋಡುವವಳು ನೀನೊಬ್ಬಳು. ಹಾಗಾಗಿ ಬರೆದೆ.

ಈಗ ದೀಪ ಹಾಕುವ ಹೊತ್ತಿಗೆ ತಾರಸಿಗೆ ಹತ್ತಿದರೆ ಮೂಡಣದಲ್ಲಿ ಬೇಟೆಗಾರ ಏಳುತ್ತಾನೆ. ನಡುವಿಗೆ ಮೂರು ಚುಕ್ಕಿಯ ಪಟ್ಟಿ. ನಾವಿಬ್ಬರೂ ಅದನ್ನು 'ಮೂರು ಮೊಳೆ' ಅನ್ನುತ್ತಿದ್ದೆವು, ಕೊಡೆಯ ಕಡ್ಡಿಗೆ ಹೊಡೆಯುವ ಮೊಳೆಯ ಹಾಗೆ ಸಾಲಾಗಿದೆಯೆಂದು. ಅದು ನಿನ್ನಲ್ಲಿಂದಲೂ ಕಾಣುತ್ತದಂತೆ. ಕಾಣುತ್ತದೆಯೇ? ಹೇಗೆ ಕಾಣುತ್ತದೆ? ಬರೆ.

ನಮ್ಮ ಅಂಗಡಿಯಲ್ಲಿ ಕಡ್ಡಿ ಬಾಗಿಸುತ್ತಿದ್ದವನನ್ನೇ ಕಟ್ಟಿಕೊಂಡು ಕಡಲು ದಾಟಿದೆಯಲ್ಲ, ಆ ಕಡ್ಡಿರಾಯನಿಗೂ ಒಂದು ಮಾತು ಹೇಳು. ಈಗ ಕಡ್ಡಿ ಕಾರ್ಖಾನೆಯಿಂದ ಬರುತ್ತದೆ, ಅವನ ಕಡ್ಡಿಗಿಂತ ನೆಟ್ಟಗಿರುತ್ತದೆ. ಹೊಟ್ಟೆ ಉರಿದುಕೊಳ್ಳಲಿ. ನೀವು ಹೋದ ದಿನ ಹಲಗೆಯ ಮೇಲೆ ನೀನು ಅರ್ಧ ಗುರುತು ಹಾಕಿ ಬಿಟ್ಟ ಕೊಡೆಯೊಂದಿತ್ತು. ಅದನ್ನು ನಾನೇ ಮುಗಿಸಿದೆ. ನಿನ್ನ ಸ್ಟೂಲಿನ ಮೇಲೆ ಅಂದಿನಿಂದ ಬಟ್ಟೆಯ ಸುರುಳಿ ಇಡುತ್ತಿದ್ದೇನೆ. ಜಾಗ ವ್ಯರ್ಥವಾಗಬಾರದು ನೋಡು.

ಇಂತಿ,
ನಿನ್ನ ಅಕ್ಕ
(ಹಲ್ಲು ಇನ್ನೂ ನನ್ನವೇ)


ಮಾರ್ಚ್ ೨

ತಂಗೀ,

ನಿನ್ನ ಕಾರ್ಡು ಬಂತು. "ಬೇಟೆಗಾರ ಇಲ್ಲಿಂದಲೂ ಕಾಣುತ್ತಾನೆ. ಆದರೆ ತಲೆಕೆಳಗಾಗಿ. ಇಲ್ಲಿ ಈಗ ಬೇಸಿಗೆ. ನಿನ್ನ ಹಲ್ಲಿನ ವಿಷಯ ತಿಳಿದು ಸಂತೋಷವಾಯಿತು." ಇಷ್ಟೇ. ಹಿಂದೆ ತಂತಿ ಕೊಡುತ್ತಿದ್ದವರೂ ಮಾತಿಗೆ ಇಷ್ಟು ಜಿಪುಣತನ ಮಾಡುತ್ತಿರಲಿಲ್ಲ. ಆದರೂ ಅಕ್ಷರ ಅದೇ, ಇರುವೆ ಸಾಲು ಹೊರಟ ಹಾಗೆ. ಕೈ ನಡುಗಿಲ್ಲ. ಅದನ್ನು ಗಮನಿಸಿದೆ.

ತಲೆಕೆಳಗು ಎಂದದ್ದನ್ನು ನಾನು ನಂಬಲಿಲ್ಲ. ಮೊಮ್ಮಗಳು ಸೂಜಿದಿಂಬಿನ ಮೇಲುಗಡೆ ಒಂದು ಗುಂಡುಸೂಜಿ, ಕೆಳಗಡೆ ಒಂದು ಗುಂಡುಸೂಜಿ ಚುಚ್ಚಿ ಹಿಡಿದಳು. "ಇದು ನೀನು, ಇದು ಚಿಕ್ಕಜ್ಜಿ. ಇಬ್ಬರಿಗೂ ತಮ್ಮ ತಲೆ ಮೇಲೇ ಇದೆ ಅಂತ ಅನ್ನಿಸತ್ತೆ. ಬೇಟೆಗಾರ ಇದ್ದ ಹಾಗೇ ಇದಾನೆ ಅಜ್ಜಿ, ಚಿಕ್ಕಜ್ಜಿ ನಿಂತಿರೋದು ತಲೆಕೆಳಗೆ."

"ಅದು ನಂಗೆ ಅವಳು ಹೋದ ದಿನಾನೇ ಗೊತ್ತಾಗಿತ್ತು" ಅಂದೆ.

ಈಗ ಬರೆಯುವುದಕ್ಕೆ ನಗಬೇಡ. ನಮ್ಮ ಕಡೆಯ ಆಕಾಶದ ಕೊಡೆ ಮುಗಿಸಿ, ಕಡ್ಡಿಗೆ ಏರಿಸಿ, ಅವಳ ಕೈಗೆ ಕೊಟ್ಟೆ. ನೆತ್ತಿಯ ಬಳಿ ಧ್ರುವ, ಅದರ ಸುತ್ತ ಸಪ್ತರ್ಷಿಗಳು, ವಸಿಷ್ಠನ ಪಕ್ಕ ಅರುಂಧತಿಗೂ ಒಂದು ಸಣ್ಣ ಗಂಟು. ಅಂಗಡಿಯ ನಡುವೆ ಬಿಚ್ಚಿ ಒಳಗೆ ತಲೆ ಹಾಕಿದವಳು ಹಿಡಿಯನ್ನು ಒಂದು ಸಲ, ಮತ್ತೊಂದು ಸಲ ತಿರುಗಿಸಿದಳು. ಮೆಚ್ಚಿದಳು ಎಂದುಕೊಂಡೆ.

"ಅಜ್ಜಿ, ನಿನ್ನ ಆಕಾಶದಲ್ಲಿ ಸೂರ್ಯ ಪಶ್ಚಿಮದಲ್ಲಿ ಹುಟ್ತಾನೆ."

"ಹುಟ್ಟಿದರೆ ಹುಟ್ಟಲಿ ಬಿಡು. ಬೆಳಕಾದರೆ ಸಾಲದಾ?"

"ಎಲ್ಲಾ ಎಡ-ಬಲ ಆಗಿದೆ. ನಕ್ಷೇನ ಯಾವ ಮೈ ಮೇಲಿಟ್ಟು ಗುರುತು ಹಾಕಿದೆ?"

"ಹೊರಮೈ ಮೇಲೆ. ಇನ್ನೆಲ್ಲಿ ಹಾಕ್ತಾರೆ?"

ಹೇಳಿದ ಮೇಲೆ ನನಗೇ ಹೊಳೆಯಿತು. ನಮ್ಮ ಕೆಲಸ ಹಂಚಿದ್ದೇ ಹಾಗಲ್ಲವೇ? ಬಟ್ಟೆಯ ಹೊರಮೈ ನನ್ನದು, ಒಳಮೈ ನಿನ್ನದು. ನಾನು ಹೊರಗಿನಿಂದ ಅಳೆದು ಕತ್ತರಿಸುವವಳು. ನೀನು ಕೊಡೆಯೊಳಗೆ ತಲೆ ತೂರಿಸಿ ಸೀಮೆಸುಣ್ಣದಲ್ಲಿ ಗುರುತು ಹಾಕುವವಳು. ನೀನು ಹೋದ ಮೇಲೂ ನಾನು ಒಳಗೆ ತಲೆ ಹಾಕುವುದನ್ನು ಕಲಿಯಲಿಲ್ಲ. ಮಳೆಗೆ ಹಿಡಿಯುವ ಕೊಡೆಗೆ ಅದರ ಅಗತ್ಯವೂ ಬೀಳಲಿಲ್ಲ. ಯಾರೂ ಮಳೆಯಲ್ಲಿ ನಿಂತು ಕೊಡೆಯ ಹೊಟ್ಟೆ ನೋಡುವುದಿಲ್ಲ.

ಮೊಮ್ಮಗಳು ಸಮಾಧಾನ ಹೇಳಿದಳು. ಹಿಂದಿನ ಕಾಲದಲ್ಲಿ ಗೋಳದ ಮೇಲೆ ಆಕಾಶ ಕೆತ್ತಿದವರೂ ಹೀಗೆಯೇ ಕೆತ್ತುತ್ತಿದ್ದರಂತೆ, ನಕ್ಷತ್ರಗಳ ಆಚೆ ನಿಂತು ನೋಡಿದವರ ಹಾಗೆ. "ನೀನು ದೇವರು ಕೂತು ನೋಡೋ ಕಡೆಯಿಂದ ಹೊಲಿದಿದ್ದೀಯ ಅಜ್ಜಿ" ಅಂದಳು. ಉಬ್ಬಿಸಿ ಕೆಲಸ ಮಾಡಿಸಿಕೊಳ್ಳುವ ಬುದ್ಧಿ ಅವಳಿಗೆ ಅವಳ ತಾತನಿಂದ ಬಂದದ್ದು. ದಾರವನ್ನೆಲ್ಲ ಬಿಚ್ಚಿದೆ. ಬಿಚ್ಚಿದ ಮೇಲೂ ಬಟ್ಟೆಯಲ್ಲಿ ತೂತು ಉಳಿದಿದೆ. ಬೆಳಕಿಗೆ ಹಿಡಿದರೆ ಆ ತಪ್ಪು ಆಕಾಶವೇ ಚೆನ್ನಾಗಿ ಕಾಣುತ್ತದೆ. ಬೇರೆ ಬಟ್ಟೆ ಕತ್ತರಿಸಿದೆ.

ಬಿಚ್ಚುತ್ತಿದ್ದಾಗ ಪಕ್ಕದಲ್ಲಿ ಕೂತು ಹೆಸರುಗಳ ಕಥೆ ಹೇಳಿದಳು. ಗೂಳಿ, ಸಿಂಹ, ಚೇಳು ಇವೆಲ್ಲ ನಿನ್ನೆ ಮೊನ್ನೆಯ ಹೆಸರಲ್ಲವಂತೆ. ಎರಡು ನದಿಗಳ ನಡುವಿನ ನಾಡಿನ ಜನ ಮೂರು ಸಾವಿರ ವರ್ಷಕ್ಕೂ ಹಿಂದೆ ಹಸಿ ಜೇಡಿಮಣ್ಣಿನ ಹಲಗೆಯ ಮೇಲೆ ಅವನ್ನು ಒತ್ತಿ ಬರೆದಿಟ್ಟರಂತೆ. ಅವರಿಂದ ಇನ್ನೊಬ್ಬರು, ಆ ಇನ್ನೊಬ್ಬರಿಂದ ಮತ್ತೊಬ್ಬರು ಪಡೆದರು. ಆ ರಾಜ್ಯ ಹೋಯಿತು, ಆ ಭಾಷೆ ಆಡುವವರು ಹೋದರು, ಚೇಳು ಮಾತ್ರ ಚೇಳಾಗಿಯೇ ಉಳಿಯಿತು. "ನೋಡಿದವರಿಗೆಲ್ಲ ಅದು ಚೇಳೇ ಅನ್ನಿಸಿರಬೇಕು" ಅಂದಳು. ಅನ್ನಿಸದೆ ಏನು? ಕೊಂಡಿ ಎತ್ತಿ ನಿಂತದ್ದನ್ನು ಮಲ್ಲಿಗೆ ಹೂ ಎನ್ನಲಾಗುತ್ತದೆಯೇ?

ಆಮೇಲೆ ಕಳ್ಳನಗೆ ನಕ್ಕು, "ಅಮ್ಮ ಹೇಳ್ತಿದ್ದಳು, ಚಿಕ್ಕಜ್ಜಿ ನಿನ್ನ ಚೇಳಕ್ಕ ಅಂತಿದ್ದರಂತೆ ಹೌದಾ?" ಎಂದು ಕೇಳಿದಳು. ಮೂರು ತಲೆಮಾರಿಗೂ ಸಾಗಿ ಬಂದಿದೆ ನಿನ್ನ ಪುಣ್ಯ. ಚೇಳು ಬೇಟೆಗಾರನನ್ನು ಕುಟುಕಿತಂತೆ. ಅದಕ್ಕೇ ಇಬ್ಬರನ್ನೂ ಆಕಾಶದಲ್ಲಿ ಎದುರುಬದುರು ಇಟ್ಟರಂತೆ, ಒಬ್ಬರು ಏಳುವ ಹೊತ್ತಿಗೆ ಇನ್ನೊಬ್ಬರು ಮುಳುಗುವ ಹಾಗೆ. ಬೇಟೆಗಾರ ಯಾರು ಎಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಕೆಲಸದ ಮಾತು. ನಿನ್ನ ಆಕಾಶದ ಕೊಡೆಗೆ ಬೇಕಾದ ಎಂಟು ಹೋಳು ಕಪ್ಪು ಬಟ್ಟೆ ಕತ್ತರಿಸಿ ಕಳಿಸುತ್ತಿದ್ದೇನೆ. ನಕ್ಷೆಯೂ ಜೊತೆಗಿದೆ. ಒಳಮೈಯಲ್ಲಿ ಗುರುತು ಹಾಕು. ನಕ್ಷೆ ನೋಡಿ ನಕಲು ಹೊಡೆಯಬೇಡ, ಕಣ್ಣಾರೆ ಕಂಡ ಚುಕ್ಕಿಗೆ ಮಾತ್ರ ಗುರುತು. ಸಂಜೆ ಕಾಣದ್ದು ಬೆಳಗಿನ ಜಾವ ಕಾಣುತ್ತದಂತೆ. ಬೇಗ ಏಳುವುದನ್ನು ಈ ವಯಸ್ಸಿಗಾದರೂ ಕಲಿ. ಹೊಲಿಗೆ ನಾನು ನೋಡಿಕೊಳ್ಳುತ್ತೇನೆ.

ಇಂತಿ,
ಅಕ್ಕ


ಏಪ್ರಿಲ್ ೧೪

ತಂಗೀ,

ಈ ಸಲ ಎರಡು ಪುಟ. ಪರವಾಗಿಲ್ಲ, ಮಗು ಮಾತು ಕಲಿಯುತ್ತಿದೆ.

ನೀನು ಬರೆದ ಒಂದು ಸಾಲಿನ ಮೇಲೆ ಅಂಗಡಿಯಲ್ಲಿ ಎರಡು ದಿನ ಜಗಳವಾಯಿತು. "ಇಲ್ಲಿ ಧ್ರುವ ಇಲ್ಲ. ಆಕಾಶ ಯಾವ ಜಾಗದ ಸುತ್ತ ತಿರುಗುತ್ತದೋ ಅಲ್ಲಿ ಕಣ್ಣಿಗೆ ಹತ್ತುವ ಚುಕ್ಕಿಯೇ ಇಲ್ಲ. ಮೊದಮೊದಲು ಹುಡುಕುತ್ತಿದ್ದೆ. ಆಮೇಲೆ ಬಿಟ್ಟೆ." ನೆತ್ತಿ ಇಲ್ಲದ ಕೊಡೆ ಯಾರಾದರೂ ಮಾಡುತ್ತಾರೆಯೇ ಎಂದು ನಾನು. ಇರುವುದೇ ಹಾಗೆ, ಅಲ್ಲಿ ಏನೂ ಹೊಲಿಯಬೇಡ ಎಂದು ಮೊಮ್ಮಗಳು. "ಮಕ್ಕಳಿಗೆ ತೋರಿಸಬೇಕಾದ್ದೇ ಅದು ಅಜ್ಜಿ. ಏನೂ ಇಲ್ಲದ ಜಾಗದ ಸುತ್ತಾನೂ ಎಲ್ಲಾ ಸರಿಯಾಗಿ ತಿರುಗತ್ತೆ." ಸರಿ, ಖಾಲಿ ಬಿಡುತ್ತೇನೆ. ನನಗೆ ಇಷ್ಟವಿಲ್ಲ ಎಂಬುದು ದಾಖಲೆಯಲ್ಲಿರಲಿ.

ಖಾಲಿಯ ವಿಷಯ ಬಂದದ್ದಕ್ಕೆ ಇನ್ನೊಂದು ಹೇಳಿದಳು. ಅದು ನನ್ನ ತಲೆಯಿಂದ ಹೋಗುತ್ತಿಲ್ಲ. ಹಳೆಯ ಜನ ಹೆಸರಿಟ್ಟ ಆಕಾರಗಳನ್ನೆಲ್ಲ ಒಂದು ಗೋಳದ ಮೇಲೆ ಬಿಡಿಸಿದರೆ ತಳದಲ್ಲಿ ಒಂದು ಜಾಗ ಬರಿದಾಗಿ ಉಳಿಯುತ್ತದಂತೆ. ಅಲ್ಲಿ ಸಿಂಹವಿಲ್ಲ, ಗೂಳಿಯಿಲ್ಲ, ಏನೂ ಇಲ್ಲ.

"ಅಲ್ಲಿ ನಕ್ಷತ್ರ ಇರಲಿಲ್ಲವಾ?" ಅಂದೆ.

"ಇತ್ತು. ಅವರಿಗೆ ಕಾಣ್ತಿರಲಿಲ್ಲ. ಅವರಿದ್ದ ಊರಿಂದ ಆ ಭಾಗ ಮೇಲೇ ಬರಲ್ಲ. ಆ ಖಾಲಿ ಜಾಗ ಎಲ್ಲಿದೆ, ಎಷ್ಟಗಲ ಇದೆ ಅಂತ ಅಳೆದು, ಹೆಸರಿಟ್ಟವರು ಎಲ್ಲಿ ನಿಂತು ನೋಡಿದರು ಅಂತ ಊಹೆ ಮಾಡಿದವರಿದ್ದಾರೆ ಅಜ್ಜಿ."

"ಅಂದರೆ, ಅವರು ಬರೆದದ್ದರಿಂದ ಅಲ್ಲ, ಬರೀದೇ ಬಿಟ್ಟಿದ್ದರಿಂದ?"

"ಹೂಂ."

ನಾನು ಹಳ್ಳಿ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ಕೂತವಳು, ಅದರಲ್ಲೂ ಅರ್ಧ ದಿನ ಹೊರಗೆ ಮೊಣಕಾಲೂರಿ. ಇಂಥದ್ದನ್ನು ಯಾರೂ ಕಲಿಸಲಿಲ್ಲ. ಕಲಿಸಿದ್ದರೆ ಶಾಲೆ ಬಿಡುತ್ತಿರಲಿಲ್ಲವೇನೋ.

ಆ ಬರಿ ಜಾಗವನ್ನು ಆಮೇಲೆ ಹಡಗಿನವರು ತುಂಬಿದರಂತೆ. ಅದಕ್ಕೂ ಆಮೇಲೆ ಒಬ್ಬ ಪಂಡಿತ ನಿನ್ನ ಕಡೆಯ ನೆಲಕ್ಕೆ ಬಂದು, ಉಳಿದ ಸಂದಿಗೊಂದಿಗಳಿಗೆಲ್ಲ ಹೆಸರಿಟ್ಟನಂತೆ. ಅವನು ದೇವರನ್ನೂ ತರಲಿಲ್ಲ, ರಾಕ್ಷಸರನ್ನೂ ತರಲಿಲ್ಲ. ಗಡಿಯಾರ, ಕುಲುಮೆ, ಗಾಳಿ ತೆಗೆಯುವ ಪಂಪು, ಚಿತ್ರ ಬರೆಯುವವನ ಹಲಗೆ, ಕೆತ್ತುವವನ ಉಳಿ! ಕೇಳಿ ನನಗೆ ಎಷ್ಟು ಖುಷಿಯಾಯಿತೆಂದರೆ ಎದ್ದು ಓಡಾಡಿದೆ. ನಾವೂ ಹಾಗೇ ಮಾಡಿದ್ದೆವಲ್ಲೇ, ತಾರಸಿಯ ಮೇಲೆ ಬಟ್ಟೆ ಒಣಹಾಕಿ ಕಾವಲು ಕೂತಾಗ? ಕ್ಯಾಸಿಯೋಪಿಯವೋ ಏನೋ ಅನ್ನುತ್ತಾಳೆ ಇವಳು, ನಮಗೆ ಅದು ಮುರಿದ ಕಡ್ಡಿ. ಸಪ್ತರ್ಷಿ ನಮಗೆ ಕೊಡೆಯ ಹಿಡಿ. ಕತ್ತರಿಯನ್ನು ಯಾವುದಕ್ಕೆ ಅಂದಿದ್ದೆವು, ನೆನಪಿಲ್ಲ. ನಿನಗಿದ್ದರೆ ಬರೆ. ಪಂಡಿತನ ಪಟ್ಟಿಯಲ್ಲಿ ಕೊಡೆ ಇದೆಯೇ ಎಂದು ಕೇಳಿದೆ. ಇಲ್ಲವಂತೆ. ಅವನಿದ್ದ ಕಡೆ ಮಳೆ ಇರಲಿಲ್ಲವೇನೋ.

ಮೊನ್ನೆ ಸಂಜೆ ಅಗಸ್ತ್ಯನನ್ನು ತೋರಿಸಿದಳು. ತೆಂಕಣದ ಮನೆಗಳ ಮಾಡಿಗೆ ತಾಗಿದ ಹಾಗೆ, ಒಂದೇ ಒಂದು ದೊಡ್ಡ ಚುಕ್ಕಿ. ನಿನ್ನ ಕಡೆ ಅದು ಎತ್ತರಕ್ಕೆ ಬರುತ್ತದಂತೆ. ಅಗಸ್ತ್ಯನ ಕಥೆ ನಿನಗೆ ಗೊತ್ತು. ದಕ್ಷಿಣಕ್ಕೆ ಹೊರಟಾಗ ಬೆಟ್ಟ ಬಗ್ಗಿ ದಾರಿ ಬಿಟ್ಟಿತು, "ನಾ ಬರೋವರೆಗೂ ಹೀಗೇ ಬಗ್ಗಿರು" ಎಂದು ಹೇಳಿ ಹೋದವನು ಮತ್ತೆ ಬರಲೇ ಇಲ್ಲ. ಎಲ್ಲರೂ ಅಗಸ್ತ್ಯನ ಜಾಣತನ ಹೊಗಳುತ್ತಾರೆ. ಬೆಟ್ಟದ ಸೊಂಟದ ಬಗ್ಗೆ ಯಾರೂ ಒಂದು ಮಾತಾಡುವುದಿಲ್ಲ.

ನನ್ನ ಕಡ್ಡಿ ಮಾತಿಗೆ ಕಡ್ಡಿರಾಯನ ಉತ್ತರ ಇನ್ನೂ ಬರಲಿಲ್ಲ. ಅವನಿಗೆ ಸಿಟ್ಟು ಬರುವುದೂ ತಡವಾಗಿಯೇ, ಗೊತ್ತು. ಕಾಯುತ್ತೇನೆ.

ಇಂತಿ,
ಅಕ್ಕ


ಜೂನ್ ೯

ಅಕ್ಕಾ,

ಬಟ್ಟೆಯ ಹೋಳುಗಳು ಬಂದು ಬಹಳ ದಿನವಾಯಿತು. ಕೆಲಸ ನಡೆದಿದೆ. ನಾನು ನಾಟಕಶಾಲೆಯೊಂದರಲ್ಲಿ ಪರದೆ ಹೊಲಿಯುತ್ತೇನೆ. ಅಲ್ಲಿಂದ ಬಂದ ಮೇಲೆ ಸಂಜೆ ಒಂದಿಷ್ಟು ಹೊತ್ತು, ಮತ್ತೆ ಬೆಳಕಾಗುವ ಮೊದಲು ಒಂದಿಷ್ಟು ಹೊತ್ತು. ಬೇಗ ಏಳುವುದು ನನಗೆ ಈಗ ಕಷ್ಟವಲ್ಲ. ನಿದ್ದೆ ತಾನೇ ಬೇಗ ಹೋಗುತ್ತದೆ.

ನಾನಿರುವ ಕೋಣೆ ಸೈಕಲ್ ಅಂಗಡಿಯ ಮೇಲಿದೆ. ಹೊರಗಿನಿಂದ ಕಬ್ಬಿಣದ ಮೆಟ್ಟಿಲು. ಮಂಚ, ಒಲೆ, ಒಂದು ಕುರ್ಚಿ. ಕಿಟಕಿ ಹಿಂದಿನ ಬೀದಿಗೆ ತೆರೆಯುತ್ತದೆ. ಅದರ ಚಿಲಕ ಮುರಿದಿದೆ, ಬಟ್ಟೆಯ ಪಟ್ಟಿಯಿಂದ ಕಟ್ಟಿಟ್ಟಿದ್ದೇನೆ. ಗಾಳಿ ಜೋರಾದರೆ ಬಡಿದುಕೊಳ್ಳುತ್ತದೆ. ನಕ್ಷತ್ರ ನೋಡಲು ಕುರ್ಚಿಯನ್ನು ಮೆಟ್ಟಿಲಿನ ಮೇಲಿನ ಕಟ್ಟೆಗೆ ಒಯ್ಯುತ್ತೇನೆ. ಲೋಟ ಕಾಲ ಬಳಿ ಇಟ್ಟುಕೊಳ್ಳುತ್ತೇನೆ. ಕೆಳಗಿನ ಅಂಗಡಿಯವಳು ಏನು ಕಳೆದುಕೊಂಡಿದ್ದೀರಿ ಎಂದು ಕೇಳಿದಳು. ಮೇಲೆ ನೋಡುವವರು ಏನೋ ಕಳೆದುಕೊಂಡವರು ಎಂದು ಇಲ್ಲಿಯವರು ತಿಳಿಯುತ್ತಾರೆಯೋ ಏನೋ.

ನೆತ್ತಿಗೆ ಹತ್ತಿರ ನಾಲ್ಕು ಚುಕ್ಕಿಯ ಶಿಲುಬೆ ಇದೆ. ಅದಕ್ಕೇ ನಮ್ಮವರು ತ್ರಿಶಂಕು ಎನ್ನುತ್ತಾರೆಂದು ನಿನ್ನ ಮೊಮ್ಮಗಳು ನಕ್ಷೆಯ ಅಂಚಿನಲ್ಲಿ ಬರೆದಿದ್ದಾಳೆ. ಅಲ್ಲಿಯೂ ಅಲ್ಲ, ಇಲ್ಲಿಯೂ ಅಲ್ಲ, ನಡುವೆ ತಲೆಕೆಳಗಾಗಿ ತೂಗುವವನು. ಓದಿ ನಗು ಬಂತು. ಬೇಟೆಗಾರ ಮುಳುಗಿದ. ಈಗ ಸಂಜೆ ಮೂಡಣದಲ್ಲಿ ಚೇಳು ಮೇಲೇರುತ್ತದೆ. ಇಲ್ಲಿ ಅದು ನಡುನೆತ್ತಿಗೇ ಬರುತ್ತದೆ. ತಲೆ ಎತ್ತಿದರೆ ಅದೇ.

ಕತ್ತರಿ ಎಂದಿದ್ದು ಗೂಳಿಯ ಮುಖಕ್ಕೆ. ಎರಡು ಕೊಂಬು ಕತ್ತರಿಯ ಅಲಗಿನ ಹಾಗಿದ್ದವು. ಅದಕ್ಕೆ ಹೆಸರಿಟ್ಟವಳು ನೀನು.

ಒಂದು ಬರೆಯಬೇಕೆಂದಿದ್ದೆ. ನಾವು ಹೊರಟ ದಿನ ಬೀದಿಯ ತಿರುವಿನಲ್ಲಿ ನಾನು ನಿಂತು ತಿರುಗಿ ನೋಡಿದೆ. ತಾರಸಿಯ ಮೇಲೆ ಕಪ್ಪು ಬಟ್ಟೆ ಒಣಹಾಕಿತ್ತು. ಯಾರೂ ಇರಲಿಲ್ಲ.

ನಿನ್ನ,
ತಂಗಿ


ಜೂನ್ ೩೦

ತಂಗೀ,

ನಿನ್ನ ಕಾಗದವನ್ನು ಮೊದಲು ನಾನು ಓದಿದೆ. ಆಮೇಲೆ ಮೊಮ್ಮಗಳಿಗೆ ಗಟ್ಟಿಯಾಗಿ ಓದಲು ಹೇಳಿ ಕೇಳಿದೆ. ಅವಳು "ಚಿಕ್ಕಜ್ಜಿ ಎಷ್ಟು ಚೆನ್ನಾಗಿ ಬರೀತಾರೆ" ಅಂದಳು. ನೀನು ಬರೆದದ್ದನ್ನು ಅವಳು ಓದಿದಳು. ನೀನು ಬರೆಯದೆ ಬಿಟ್ಟದ್ದನ್ನು ನಾನು ಕೇಳಿಸಿಕೊಂಡೆ.

ಕುರ್ಚಿ ಒಂದು. ಲೋಟ ಒಂದು. ಸರಿ, ಬಡತನ ಎಂದುಕೊಳ್ಳಬಹುದು. ಆದರೆ ಮುರಿದ ಚಿಲಕ? ಆ ಮನುಷ್ಯ ನಮ್ಮ ಅಂಗಡಿಯಲ್ಲಿದ್ದಾಗ ನೆರೆಮನೆಯ ಬಾಗಿಲು ಕಿರುಗುಟ್ಟಿದರೂ ಇಕ್ಕಳ ಹಿಡಿದು ಓಡುತ್ತಿದ್ದ. ಚೂರು ತಂತಿ ಸಿಕ್ಕರೆ ಕೊಕ್ಕೆ ಮಾಡುತ್ತಿದ್ದ, ಸಿಗದಿದ್ದರೆ ಜೇಬಿನಿಂದ ತೆಗೆಯುತ್ತಿದ್ದ. ಅವನಿದ್ದ ಮನೆಯಲ್ಲಿ ಕಿಟಕಿಯ ಚಿಲಕ ಮುರಿದು ಒಂದು ರಾತ್ರಿ ಕಳೆಯುವುದಿಲ್ಲ. ಬಟ್ಟೆಯ ಪಟ್ಟಿಯಿಂದ ಕಟ್ಟುವುದು ಎಂದರೇನು.

ನಾನು ಜನವರಿಯಿಂದ ಕಡ್ಡಿ, ಕಾರ್ಖಾನೆ, ಹೊಟ್ಟೆಯುರಿ ಎಂದು ಬರೆಯುತ್ತಲೇ ಇದ್ದೇನೆ. ನೀನು ಓದುತ್ತಲೇ ಇದ್ದೀಯ.

ಅವನು ಹೋದದ್ದು ಯಾವಾಗ?

ಹೇಳಲೇಬೇಕೆಂದಿಲ್ಲ. ಹೋಳುಗಳನ್ನು ಜುಲೈ ಕೊನೆಯೊಳಗೆ ತಲುಪಿಸು. ಕೆಲಸ ನಿಲ್ಲಬಾರದು.

ಕೆಳಗಿನವಳು ಸೈಕಲ್ ಅಂಗಡಿಯವಳಲ್ಲವೇ? ಚಿಲಕ ಕೇಳು. ಬಾಯಿ ಇದೆ ತಾನೇ.

ಅಕ್ಕ


ಆಗಸ್ಟ್ ೫

ತಂಗೀ,

ಪೊಟ್ಟಣ ಜುಲೈ ಕೊನೆಯ ವಾರ ಬಂತು. ಒಳಗೆ ಕಾಗದವಿರಲಿಲ್ಲ. ಬಿಚ್ಚಿ, ಹೋಳುಗಳನ್ನು ಕತ್ತರಿಸುವ ಮೇಜಿನ ಮೇಲೆ ಹರಡಿದೆವು. ಗುರುತು ಚೆನ್ನಾಗಿದೆ. ಹೊಗಳಿಕೆಯಲ್ಲ, ಇದ್ದದ್ದು ಹೇಳಿದೆ. ಬೇಟೆಗಾರ ತಲೆಕೆಳಗಾಗಿ ನಿಂತಿದ್ದಾನೆ, ಮೂರು ಮೊಳೆ ಮಾತ್ರ ನೇರ. ಅಗಸ್ತ್ಯನಿಗೆ ಎರಡು ಸಲ ಸೀಮೆಸುಣ್ಣ ತಿರುವಿದ್ದೀಯ, ತ್ರಿಶಂಕುವಿನ ನಾಲ್ಕು ಚುಕ್ಕಿಗೂ ಹಾಗೆಯೇ. ಪಂಡಿತನ ಗಡಿಯಾರ, ಕುಲುಮೆ ಎಲ್ಲ ಕಂಡೂ ಕಾಣದಷ್ಟು ಸಣ್ಣಗೆ. ನೆತ್ತಿಯಲ್ಲಿ ಏನೂ ಇಲ್ಲ. ಒಪ್ಪಿದೆ.

ಹೋಳುಗಳನ್ನು ಒಂದು ಗಂಡಸಿನ ಅಂಗಿಯಲ್ಲಿ ಸುತ್ತಿ ಕಳಿಸಿದ್ದೀಯ. ಒಗೆದು ಇಸ್ತ್ರಿ ಮಾಡಿದ ಅಂಗಿ. ಕತ್ತುಪಟ್ಟಿ ಸವೆದದ್ದನ್ನು ಬಿಚ್ಚಿ ತಿರುಗಿಸಿ ಹೊಲಿದದ್ದು ನಿನ್ನ ಕೈಯೇ. ಜೇಬಿನಲ್ಲಿ ಒಂದು ಚೂರು ತಂತಿ ಇತ್ತು, ಕೊಕ್ಕೆ ಮಾಡಿದ್ದು. ಮೊಮ್ಮಗಳು "ಅಯ್ಯೋ, ಚಿಕ್ಕತಾತನ ಅಂಗಿ ಕಳಿಸಿಬಿಟ್ಟಿದ್ದಾರೆ, ವಾಪಸ್ ಕಳಿಸೋಣವಾ?" ಅಂದಳು. ಬೇಡ, ಅವನಿಗೆ ಈಗ ಬೇಕಿಲ್ಲ ಅಂದೆ. ಅವಳು ನನ್ನ ಮುಖ ನೋಡಿ, ಮೇಜಿನ ದೀಪ ಹಾಕಿ ಹೋದಳು. ಓದಿದ್ದು ದಂಡವಾಗಿಲ್ಲ.

ನನ್ನ ಪ್ರಶ್ನೆಗೆ ಅದು ಉತ್ತರ ಎಂದು ತಿಳಿದಿದ್ದೇನೆ. ಅವನು ಬಾಗಿಸಿದ ಕಡ್ಡಿಯ ಕೊಡೆ ಒಂದು ಇನ್ನೂ ಮನೆಯಲ್ಲಿದೆ. ಇಂದಿಗೂ ಮಳೆಗೆ ನಾನು ಹಿಡಿಯುವುದು ಅದನ್ನೇ. ಕಾರ್ಖಾನೆಯ ಕಡ್ಡಿ ಗಾಳಿಗೆ ಮಗುಚುತ್ತದೆ. ಇದನ್ನು ಅವನಿಗೆ ಹೇಳಿಸಬೇಕೆಂದು ಇಟ್ಟುಕೊಂಡಿದ್ದೆ.

ಈಗ ಲೆಕ್ಕಕ್ಕೆ ಬರೋಣ. ಎಂಟು ಹೋಳು ಕಳಿಸಿದ್ದೆ, ಏಳು ಬಂದಿವೆ.

"ಅಂಚೆಯವರು ಕಳೆದಿರಬೇಕು ಅಜ್ಜಿ."

"ಅಂಗಿ ಬಿಟ್ಟು ಚಿಂದಿ ಕದಿಯೋ ಅಂಚೆಯವನು ಯಾವೂರಲ್ಲಿದ್ದಾನೆ?"

ಅವಳು ನಕ್ಷೆ ತಿರುಗಿಸಿ ತಿರುಗಿಸಿ ಹೋಳುಗಳನ್ನು ಅದರ ಪಕ್ಕ ಜೋಡಿಸಿದಳು. "ಬೇಟೆಗಾರನ ಎದುರಿಗೆ ಬರೋದು ಇಲ್ಲ." ನಕ್ಷೆಯ ಮೇಲೆ ಬೆರಳಿಟ್ಟು, "ಚೇಳಿಂದು" ಅಂದಳು. ಅಂದವಳೇ ಆಚೆ ನೋಡಿದಳು.

ಕೋಣೆ ಮೊನ್ನೆ ತೆರೆಯಿತು. ನಮ್ಮ ಆಕಾಶದ ಕೊಡೆ ಎಡಕ್ಕೆ, ಈ ಸಲ ಸೂರ್ಯ ಪೂರ್ವದಲ್ಲೇ ಹುಟ್ಟುತ್ತಾನೆ. ನಿನ್ನದನ್ನು ಏಳೇ ಹೋಳಿನಲ್ಲಿ ಹೊಲಿದುಕೊಟ್ಟೆ, ಬಲಕ್ಕೆ ಹಾಕಿದರು. ಅರ್ಧಂಬರ್ಧ ತೂಗುಹಾಕುವುದು ಬೇಡವೆಂದೆ, ಕೇಳಲಿಲ್ಲ. ಎಂಟನೆಯದರ ಜಾಗದಲ್ಲಿ ಎರಡು ಕಡ್ಡಿಯ ನಡುವೆ ಬಾಗಿಲಿನ ಹಾಗೆ ತೆರೆದಿದೆ. ಮಕ್ಕಳಿಗೆ ಪಕ್ಕದ ಪೂರ್ತಿ ಕೊಡೆ ಬೇಡವಂತೆ, ಎಲ್ಲಾ ಆ ಸಂದಿಯಲ್ಲೇ ತಲೆ ತೂರಿಸಲು ನೂಕಾಟ. ಒಂದು ಪುಟ್ಟ ಹುಡುಗಿ "ಇಲ್ಲಿ ಏನಿತ್ತು?" ಎಂದು ಕೇಳಿದಳು. "ಇನ್ನೂ ಬಂದಿಲ್ಲ" ಎಂದು ಮೊಮ್ಮಗಳು ಹೇಳಿದಳು.

ಎಲ್ಲರೂ ಹೋದ ಮೇಲೆ ನಾನೂ ತಲೆ ತೂರಿಸಿದೆ. ಇಷ್ಟು ಕೊಡೆ ಮಾಡಿದವಳು ಕೊಡೆಯ ಒಳಮೈಯನ್ನು ನಿಂತು ನೋಡಿದ್ದು ಅದೇ ಮೊದಲು. ಹೊರಗಿನಿಂದ ಕಾಣದ್ದು ಒಳಗೆ ಬಹಳ ಇರುತ್ತದೆ. ಗಂಟು, ದಾರದ ತುದಿ, ಮಡಿಕೆ, ತಡೆದು ಮತ್ತೆ ಹೊರಟ ಹೊಲಿಗೆ. ಇಷ್ಟು ವರ್ಷ ನೀನು ಇದನ್ನೇ ನೋಡುತ್ತಿದ್ದೆ ಎಂದಾಯಿತು.

ನೀನು ತಿರುಗಿ ನೋಡಿದಾಗ ತಾರಸಿಯ ಮೇಲೆ ಯಾರೂ ಇರಲಿಲ್ಲ, ಕಪ್ಪು ಬಟ್ಟೆ ಒಣಹಾಕಿತ್ತು ಎಂದು ಬರೆದಿದ್ದೆ. ಆ ದಿನ ತಾರಸಿಯ ಹಗ್ಗ ಹರಿದಿತ್ತು. ಹಗ್ಗವಿಲ್ಲದೆ ಬಟ್ಟೆ ತಾನಾಗಿ ಗಾಳಿಯಲ್ಲಿ ನಿಲ್ಲುವುದಿಲ್ಲ, ಯಾರಾದರೂ ಎರಡು ತುದಿ ಹಿಡಿದು ಹಿಂದೆ ನಿಂತಿರಬೇಕು. ಇದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ.

ಈಗ ಸರಿಯಾಗಿ ಕೇಳು. ನಮ್ಮ ಅಂಗಡಿಯಿಂದ ಏಳು ಹೋಳಿನ ಕೊಡೆ ಇದುವರೆಗೆ ಹೊರಗೆ ಹೋದದ್ದಿಲ್ಲ. ಅಂಗಡಿ ಕಟ್ಟಿದ ಅಮ್ಮನ ಹೆಸರು ಹಾಳಾಗುವುದು ನನಗೆ ಬೇಡ. ನೆತ್ತಿಯ ಒಳಗೆ ಕಡ್ಡಿಗಳು ಸೇರುವ ಕಡೆ ಒಂದು ಗುಂಡು ಬಿಲ್ಲೆ ಹಾಕುತ್ತೇವಲ್ಲ, ಅದಕ್ಕೆ ಆ ಅಂಗಿಯ ಬಟ್ಟೆ ಆಗುತ್ತದೆ. ಚುಕ್ಕಿ ಹೊಲಿಯುವುದಿಲ್ಲ, ಬರಿ ಬಿಲ್ಲೆ. ಆದರೆ ಅಂಗಿಗೆ ನಾನು ಕತ್ತರಿ ಹಾಕಿಲ್ಲ. ಅದು ನನ್ನ ಕೆಲಸವಲ್ಲ. ಮಡಿಸಿ ಇಟ್ಟಿದ್ದೇನೆ, ತಂತಿಯ ಕೊಕ್ಕೆಯನ್ನೂ ಜೇಬಿನಲ್ಲೇ ಹಾಕಿದ್ದೇನೆ. ನಿನ್ನ ಸ್ಟೂಲಿನ ಮೇಲಿದ್ದ ಬಟ್ಟೆಯ ಸುರುಳಿಗಳನ್ನು ತೆಗೆದು ಬೇರೆ ಕಡೆ ಇಟ್ಟಿದ್ದೇನೆ. ಧೂಳು ಕೂತಿತ್ತು, ಅದಕ್ಕೆ.

ಎಂಟನೇ ಹೋಳನ್ನು ಅಂಚೆಗೆ ಹಾಕಬೇಡ. ಹಾಕಿದರೆ ಹಾಗೇ ವಾಪಸ್ ಕಳಿಸುತ್ತೇನೆ. ಕೈಯಲ್ಲಿ ಹಿಡಿದು ತಂದು, ಇಲ್ಲಿ ಕೂತು, ಕೊಡೆಯೊಳಗೆ ತಲೆ ಹಾಕಿ ನೀನೇ ಗುರುತು ಮಾಡಬೇಕು. ಕಂಡದ್ದನ್ನೇ ಗುರುತು ಹಾಕಬೇಕೆಂದಿದ್ದರೆ ಚೇಳು ಇಲ್ಲಿಯೂ ಇದೆ. ಈಗ ಸಂಜೆ ತಾರಸಿಯ ತೆಂಕಣಕ್ಕೆ ನಿಂತಿರುತ್ತದೆ, ಕೊಂಡಿ ಎತ್ತಿಕೊಂಡು. ಮುದಿಯಾಗಿದೆ. ಹತ್ತಿರ ಬಂದರೆ ಏನೂ ಮಾಡುವುದಿಲ್ಲ, ಸ್ವಲ್ಪ ಬೈಯುತ್ತದೆ.

ಅಗಸ್ತ್ಯನ ಹಾಗೆ ಬೆಟ್ಟವನ್ನು ಬಗ್ಗಿಸಿಟ್ಟು ಅಲ್ಲೇ ಕೂರಬೇಡ. ಬೆಟ್ಟಕ್ಕೆ ಸೊಂಟ ನೋವು.

ಯಾವ ದಿನ ಹೊರಡುತ್ತೀಯ, ಯಾವ ದಿನ ತಲುಪುತ್ತೀಯ ಎಂಬುದನ್ನು ಸೆಪ್ಟೆಂಬರ್ ಹುಟ್ಟುವುದರೊಳಗೆ ಬರೆದು ತಿಳಿಸು. ಕಾರ್ಡಿನಲ್ಲಿ ಬೇಡ.

ಇಂತಿ,
ನಿನ್ನ ಚೇಳಕ್ಕ